ರಂದಾ ಯಂತ್ರದ ಅಲಗು

ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣದ ಸಮೀಪದಿಂದ ಹಾದು ಹುಮನಾಬಾದಿಗೆ ಬರುತ್ತದೆ. ಬೀದರ ಮತ್ತು ಕಲಬುರಗಿಗಳನ್ನು ಕೂಡಿಸುವ ರಸ್ತೆಯೂ ಹುಮನಾಬಾದಿನ ಮೇಲೆಯೇ ಹೋಗುತ್ತದೆ. ದಾರಿಗಳು ಕೂಡುವೆಡೆಯಲ್ಲಿ ಕಸುಬುಗಳೂ ನೆಲೆಗೊಳ್ಳುವುದು ಸಹಜ. ಮನೆಯ ಬಾಗಿಲು, ಚೌಕಟ್ಟು, ಕಿಟಕಿ, ಮಂಚಗಳನ್ನು ಮಾಡುವ ಮರಗೆಲಸದ ಅಂಗಡಿಗಳು ಈ ಎರಡು ಊರುಗಳಲ್ಲಿಯೂ ಉಂಟು. ಹೆದ್ದಾರಿಯಲ್ಲಿ ಓಡುವ ಲಾರಿಗಳಿಗೆ ಹಲಗೆಯ ಮೈ ಕಟ್ಟುವ ಕೆಲಸವೂ ಬಸವಕಲ್ಯಾಣದ ಕಡೆ ನಡೆದುಬಂದಿದೆ. ಇಂತಹ ಅಂಗಡಿಯ ಮುಂದೆ ಹಾದುಹೋಗುವವರ ಕಿವಿಗೆ ಮೊದಲು ಬೀಳುವುದು ಒಂದು ಯಂತ್ರದ ಏರುದನಿ. ಹಲಗೆ ಅದರ ಬಾಯಿಗೆ ತಾಗಿದೊಡನೆ ಆ ದನಿ ಬದಲಾಗುತ್ತದೆ. ಹಲಗೆ ದಾಟಿಹೋದೊಡನೆ ಮತ್ತೆ ಮೊದಲಿನಂತಾಗುತ್ತದೆ. ಹಲಗೆಯ ಒರಟು ಮೈಯನ್ನು ಕೀಸಿ ನಯಮಾಡುವ ರಂದಾ ಯಂತ್ರವೇ ಅದು.

ರಂದಾ ಎಂಬುದು ಈ ಭಾಗದ ಬಡಿಗರ ಮಾತು. ಕರ್ನಾಟಕದ ಬೇರೆ ಭಾಗಗಳಲ್ಲಿ ಇದೇ ಸಲಕರಣೆಗೆ ಉಜ್ಜುಗೊರಡು, ಕೀಸುಳಿ, ತೋಪಡ ಎಂಬ ಹೆಸರುಗಳಿವೆ. ಬೀದರ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಉರ್ದು ಮತ್ತು ಮರಾಠಿಗಳ ನೆರೆಹೊರೆಯಲ್ಲಿ ಬೆಳೆದ ಇಲ್ಲಿನ ಕನ್ನಡದಲ್ಲಿ ಆ ಭಾಷೆಗಳ ಕಸುಬಿನ ಶಬ್ದಗಳು ಸಹಜವಾಗಿ ಬೆರೆತಿವೆ. ಹೆಸರು ಯಾವುದಾದರೂ ಕೆಲಸ ಒಂದೇ. ಮರದ ತುಂಡಿನ ಕೆಳಗೆ ಓರೆಯಾಗಿ ಕೂಡಿಸಿದ ಉಕ್ಕಿನ ಅಲಗೊಂದು ಹಲಗೆಯ ಮೇಲಿನ ಎತ್ತರಗಳನ್ನು ತೆಳುವಾದ ಸುರುಳಿಯಾಗಿ ಎತ್ತಿ ತೆಗೆಯುತ್ತದೆ.

ಮರಗೆಲಸವು ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕಾಯಕದ ಹಿರಿಮೆಯನ್ನು ಸಾರಿದ ಶರಣರ ನೆಲೆಯಾಗಿತ್ತು. ಆ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಿಗನೂ ಒಬ್ಬನು. ಅವನ ಮಡದಿ ಕಾಳವ್ವೆಯೂ ವಚನಗಳನ್ನು ರಚಿಸಿದವಳು. ಬಾಚಿಯೆಂದರೆ ಮರವನ್ನು ಕೆತ್ತಿ ಮಟ್ಟಮಾಡುವ ಉಪಕರಣ. ಕಸುಬಿನ ಉಪಕರಣವೇ ವಚನಕಾರನೊಬ್ಬನ ಹೆಸರಿನ ಭಾಗವಾಗಿ ಉಳಿದುಬಂದಿರುವುದು ಗಮನಿಸತಕ್ಕ ಸಂಗತಿ. ಮುಂದೆ ಹದಿನಾರನೆಯ ಶತಮಾನದಲ್ಲಿ ಬರೀದಶಾಹಿ ಅರಸರ ಕಾಲದ ಬಡಿಗರು ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಮರದ ಕಂಬಗಳನ್ನು ಕೆತ್ತಿದರು. ಅವು ಇಂದಿಗೂ ನೋಡುವವರ ಕಣ್ಣನ್ನು ತಣಿಸುತ್ತವೆ. ಆ ಕೆಲಸವೆಲ್ಲ ತೋಳಿನ ಬಲದಿಂದ ಮತ್ತು ಕೈಯ ಹದದಿಂದ ಆದುದು.

ಕೈರಂದಾ ಬಹು ಪುರಾತನವಾದುದು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ನಗರದ ಅವಶೇಷಗಳಲ್ಲಿಯೂ ರಂದಾಗಳು ದೊರೆತಿವೆ. ಅಲ್ಲಿಂದ ಸುಮಾರು ಸಾವಿರದ ಏಳುನೂರು ವರ್ಷಗಳವರೆಗೆ ಕೀಸುವ ಕೆಲಸವೆಲ್ಲ ಕೈಯಿಂದಲೇ ನಡೆಯಿತು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಬೆಂಥಮ್ ಎಂಬಾತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಜೋಸೆಫ್ ಬ್ರಾಮಾ ಎಂಬಾತನು 1802ರಲ್ಲಿ ಮರ ಕೀಸುವ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಅಮೆರಿಕದಲ್ಲಿ ವಿಲಿಯಂ ವುಡ್‌ವರ್ತ್ ಎಂಬಾತನು 1828ರಲ್ಲಿ ತಿರುಗುವ ಅಲಗುಗಳ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇಂದಿನ ರಂದಾ ಯಂತ್ರಗಳೂ ಅಲಗನ್ನು ತಿರುಗಿಸಿ ಮರವನ್ನು ಕೀಸುವ ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮೇಜಿನ ರಂದಾ ಯಂತ್ರದ ರಚನೆ ಸರಳವಾದುದು. ಅದರಲ್ಲಿ ಎರಕದ ಕಬ್ಬಿಣದ ಎರಡು ಹಾಸುಗಳಿರುತ್ತವೆ. ಹಲಗೆಯನ್ನು ಮೊದಲು ಇಡುವ ಕಡೆಯದು ಮುಂದಿನ ಹಾಸು. ಕೀಸಿದ ಹಲಗೆಯು ಸರಿದು ಸೇರುವ ಕಡೆಯದು ಹಿಂದಿನ ಹಾಸು. ಇವೆರಡರ ನಡುವಣ ಸೀಳಿನಲ್ಲಿ ಉಕ್ಕಿನ ಉರುಳೆಯೊಂದು ಅಡ್ಡಲಾಗಿ ಮಲಗಿರುತ್ತದೆ. ಉರುಳೆಯ ಮೈಯಲ್ಲಿ ಉದ್ದಕ್ಕೆ ಕೊರೆದ ಎರಡು, ಮೂರು ಅಥವಾ ನಾಲ್ಕು ಗಾಡಿಗಳಲ್ಲಿ ಒಂದೊಂದು ಅಲಗನ್ನು ಕೂಡಿಸಿರುತ್ತಾರೆ. ಅಲಗಿನ ಪಕ್ಕದಲ್ಲಿ ಉಕ್ಕಿನ ಒತ್ತುಪಟ್ಟಿಯೊಂದಿದ್ದು, ಅದರ ಬೋಲ್ಟುಗಳನ್ನು ಬಿಗಿದಾಗ ಅಲಗು ತನ್ನ ಗಾಡಿಯಲ್ಲಿ ಕಚ್ಚಿ ನಿಲ್ಲುತ್ತದೆ. ವಿದ್ಯುತ್ ಮೋಟಾರು ಪಟ್ಟಾದ ಮೂಲಕ ಉರುಳೆಯನ್ನು ತಿರುಗಿಸುತ್ತದೆ. ಮುಂದಿನ ಹಾಸನ್ನು ಹಿಂದಿನದಕ್ಕಿಂತ ಎಷ್ಟು ತಗ್ಗಿಸುವರೋ ಅಷ್ಟು ದಪ್ಪದ ಪದರವನ್ನು ಅಲಗು ಹಲಗೆಯಿಂದ ತೆಗೆಯುತ್ತದೆ.

ಈ ಉರುಳೆಯ ವೇಗವನ್ನು ಲೆಕ್ಕಹಾಕಿ ನೋಡಬಹುದು. ಉರುಳೆಯ ಅಡ್ಡಳತೆ 100 ಮಿಲಿಮೀಟರ್, ಅದು ನಿಮಿಷಕ್ಕೆ 5,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಅಲಗಿನ ಬಾಯಿ ಸುಮಾರು 314 ಮಿಲಿಮೀಟರ್ ದೂರ ಸಾಗುತ್ತದೆ. ಆ ಲೆಕ್ಕದಲ್ಲಿ ಅದರ ವೇಗ ಗಂಟೆಗೆ ಸುಮಾರು 94 ಕಿಲೋಮೀಟರ್. ಹೆದ್ದಾರಿಯಲ್ಲಿ ವೇಗವಾಗಿ ಓಡುವ ಬಸ್ಸಿನಷ್ಟು ವೇಗದಲ್ಲಿ ಹರಿತವಾದ ಉಕ್ಕಿನ ಅಲಗು ಒಂದು ಗೇಣಿನ ಸೀಳಿನೊಳಗೆ ಸುತ್ತುತ್ತಿರುತ್ತದೆ. ತಿರುಗುವ ಉರುಳೆಯು ಕಣ್ಣಿಗೆ ನಿಂತಿರುವಂತೆ, ನುಣ್ಣನೆಯ ಕಂಬದಂತೆ ತೋರುತ್ತದೆ. ಈ ತೋರಿಕೆಗೆ ಮೋಸಹೋಗುವುದೇ ಅನೇಕ ಅಪಘಾತಗಳ ಮೂಲ.

ಅದೇ ಉರುಳೆಯಲ್ಲಿ ಮೂರು ಅಲಗುಗಳಿದ್ದರೆ ನಿಮಿಷಕ್ಕೆ 15,000 ಕೊಯ್ತಗಳಾಗುತ್ತವೆ. ಹಲಗೆಯು ನಿಮಿಷಕ್ಕೆ 6 ಮೀಟರ್ ಸರಿದರೆ ಒಂದು ಕೊಯ್ತಕ್ಕೂ ಮತ್ತೊಂದಕ್ಕೂ ನಡುವಿನ ಅಂತರ 0.4 ಮಿಲಿಮೀಟರ್. ಪ್ರತಿಯೊಂದು ಕೊಯ್ತವೂ ಹಲಗೆಯ ಮೇಲೆ ಸಣ್ಣದೊಂದು ತಗ್ಗನ್ನು ಬಿಡುತ್ತದೆ. ತಗ್ಗುಗಳು ಇಷ್ಟು ಒತ್ತಾಗಿರುವಾಗ ಅವು ಕಣ್ಣಿಗೂ ಕಾಣವು, ಬೆರಳಿಗೂ ತಾಗವು. ಹಲಗೆ ನುಣುಪಾಗಿದೆ ಎನಿಸುತ್ತದೆ. ಆದರೆ ಈ ನುಣುಪು ಒಂದು ಷರತ್ತಿಗೆ ಒಳಪಟ್ಟಿದೆ. ಮೂರು ಅಲಗುಗಳ ಬಾಯಿಯೂ ಒಂದೇ ವೃತ್ತದ ಮೇಲೆ ಇರಬೇಕು.

ಒಂದು ಅಲಗು ಉಳಿದೆರಡಕ್ಕಿಂತ ಕಾಗದದ ದಪ್ಪದಷ್ಟು, ಎಂದರೆ ಸುಮಾರು 0.1 ಮಿಲಿಮೀಟರಿನಷ್ಟು ಹೊರಗೆ ಚಾಚಿದೆ ಎಂದಿಟ್ಟುಕೊಳ್ಳಿ. ಆಗ ಕೆಲಸದ ಬಹುಪಾಲು ಆ ಒಂದೇ ಅಲಗಿನ ಮೇಲೆ ಬೀಳುತ್ತದೆ. ಉಳಿದೆರಡು ಬರಿದೆ ಸುತ್ತುತ್ತವೆ. ಹಲಗೆಯ ಮೇಲೆ ಉಳಿಯುವ ಗುರುತು ಚಾಚಿದ ಅಲಗಿನದು ಮಾತ್ರ. ಗುರುತುಗಳ ನಡುವಿನ ಅಂತರ 0.4 ಮಿಲಿಮೀಟರಿನಿಂದ 1.2 ಮಿಲಿಮೀಟರಿಗೆ ಏರಿ, ಹಲಗೆಯ ಮೇಲೆ ಕೆರೆಯ ನೀರಿನ ತೆರೆಗಳಂತೆ ಸಾಲು ಸಾಲು ಅಲೆಗಳು ಕಾಣಿಸುತ್ತವೆ. ಜೋಳದ ಹೊಲದಲ್ಲಿ ಸಾಲು ಹಿಡಿದ ಮೂವರಲ್ಲಿ ಒಬ್ಬನೇ ಕೊಯ್ದು ಉಳಿದಿಬ್ಬರು ಹಿಂದೆ ನಡೆದುಬಂದಂತೆ ಇದು. ದುಡಿದವನು ಬೇಗ ದಣಿಯುವಂತೆ ಆ ಅಲಗೂ ಬೇಗ ಮೊಂಡಾಗುತ್ತದೆ. ಅಲಗುಗಳನ್ನು ಸರಿಹೊಂದಿಸುವ ಕೆಲಸದ ಮರ್ಮವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಅಲಗು ಮೊಂಡಾಗಲು ಕಾರಣಗಳು ಹಲವು. ಸಾಗುವಾನಿಯ ಮರದಲ್ಲಿ ಮರಳಿನ ಜಾತಿಗೆ ಸೇರಿದ ಸಿಲಿಕಾದ ಸೂಕ್ಷ್ಮ ಕಣಗಳಿರುವುದರಿಂದ ಅದು ಕೊಯ್ಯಲು ಹಗುರವಾದರೂ ಉಕ್ಕನ್ನು ಸವೆಸುತ್ತದೆ. ಜಾಲಿಯಂತಹ ಗಟ್ಟಿಮರ ತನ್ನ ಬಿರುಸಿನಿಂದಲೇ ಅಲಗನ್ನು ದಣಿಸುತ್ತದೆ. ಕೆಡವಿದ ಹಳೆಯ ವಾಡೆಗಳ ತೊಲೆ, ಹಲಗೆಗಳನ್ನು ಮರಳಿ ಬಳಸುವಲ್ಲಿ ಮತ್ತೊಂದು ಅಪಾಯವುಂಟು. ಅವುಗಳೊಳಗೆ ಎಂದೋ ಹೊಡೆದ ಮೊಳೆ ಉಳಿದಿರಬಹುದು. ಬಿರುಕಿನಲ್ಲಿ ಗಾರೆಯ ಹರಳು ಸಿಕ್ಕಿಕೊಂಡಿರಬಹುದು. ಅಂತಹ ಹಲಗೆಯನ್ನು ತಂತಿಬ್ರಷ್ಷಿನಿಂದ ಉಜ್ಜಿ, ಮೊಳೆಗಳನ್ನು ಹುಡುಕಿ ಕಿತ್ತ ಮೇಲೆಯೇ ಯಂತ್ರಕ್ಕೆ ಕೊಡಬೇಕು. ಒಂದು ಮೊಳೆಯ ತಲೆ ತಾಗಿದರೂ ಎಲ್ಲ ಅಲಗುಗಳ ಬಾಯಿಯೂ ಅದೇ ಜಾಗದಲ್ಲಿ ಮುಕ್ಕಾಗುತ್ತದೆ. ಅಂದಿನಿಂದ ಕೀಸಿದ ಪ್ರತಿಯೊಂದು ಹಲಗೆಯ ಮೇಲೂ ದಾರದಂತಹ ಉಬ್ಬುಗೆರೆಯೊಂದು ಮೂಡುತ್ತದೆ.

ಮೊಂಡಾದ ಅಲಗು ತನ್ನ ಸ್ಥಿತಿಯನ್ನು ತಾನೇ ತಿಳಿಸುತ್ತದೆ. ಸುರುಳಿಗಳು ಬೀಳುವ ಬದಲು ಪುಡಿ ಬೀಳತೊಡಗುತ್ತದೆ. ಹಲಗೆಯ ಮೈ ನಯವಾಗುವ ಬದಲು ನಾರು ಎದ್ದು ನವಿರು ನವಿರಾಗುತ್ತದೆ. ಕೆಲವೆಡೆ ಸುಟ್ಟ ಕಪ್ಪು ಬಣ್ಣವೂ ಕಾಣಬಹುದು. ಯಂತ್ರದ ದನಿ ಭಾರವಾಗುತ್ತದೆ, ಮೋಟಾರು ಬಿಸಿಯೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಲಗೆಯನ್ನು ತಳ್ಳಲು ಹೆಚ್ಚಿನ ಬಲ ಬೇಕಾಗುತ್ತದೆ. ಬಲವಾಗಿ ತಳ್ಳುವ ಕೈ ಜಾರಿದರೆ ಅದು ಹೋಗಿ ಬೀಳುವುದು ಅಲಗಿನ ಮೇಲೆಯೇ. ಆದುದರಿಂದ ಹರಿತವಾದ ಅಲಗಿಗಿಂತ ಮೊಂಡಾದ ಅಲಗು ಹೆಚ್ಚು ಅಪಾಯಕಾರಿ ಎಂಬುದನ್ನು ಅನುಭವಸ್ಥರೆಲ್ಲರೂ ಒಪ್ಪುತ್ತಾರೆ.

ಅಲಗನ್ನು ಬದಲಿಸುವ ಕೆಲಸದ ಮೊದಲ ಹೆಜ್ಜೆ ವಿದ್ಯುತ್ತನ್ನು ಕಡಿಯುವುದು. ಯಂತ್ರದ ಗುಂಡಿಯನ್ನು ಒತ್ತಿ ನಿಲ್ಲಿಸಿದರೆ ಸಾಲದು. ಮುಖ್ಯ ಸ್ವಿಚ್ಚನ್ನು ಆರಿಸಿ ಫ್ಯೂಸನ್ನು ಕಿತ್ತು ಕೆಲಸಗಾರನು ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕು. ಕೆಲಸದ ನಡುವೆ ಬೇರೊಬ್ಬನು ತಿಳಿಯದೆ ಯಂತ್ರವನ್ನು ಚಾಲನೆ ಮಾಡಿದ ಪ್ರಸಂಗಗಳಲ್ಲಿ ಬೆರಳುಗಳು ಹೋಗಿವೆ. ಉರುಳೆ ಪೂರ್ತಿಯಾಗಿ ನಿಂತಿತೆಂದು ಖಚಿತವಾದ ಮೇಲೆ, ಅದು ತಾನಾಗಿ ತಿರುಗದಂತೆ ಮರದ ಬೆಣೆಯೊಂದನ್ನು ಕೊಡಬೇಕು. ಅಲಗಿನ ಬಾಯಿಯ ಮೇಲೆ ದಪ್ಪ ತೊಗಲನ್ನೋ ಮಡಿಸಿದ ಗೋಣಿಯನ್ನೋ ಹಾಸಬೇಕು. ಪಾನಾ ಜಾರಿದಾಗ ಗೆಣ್ಣುಗಳು ಹೋಗಿ ತಾಗುವುದು ಆ ಬಾಯಿಗೇ. ನಿಂತ ಅಲಗೂ ಅಲಗೇ ಎಂಬುದನ್ನು ಮರೆಯಲಾಗದು.

ಬೋಲ್ಟುಗಳನ್ನು ಒಂದೇ ಸಲಕ್ಕೆ ಪೂರ್ತಿ ಸಡಿಲಿಸದೆ, ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುವುದು ಸರಿಯಾದ ಕ್ರಮ. ಎಲ್ಲ ಅಲಗುಗಳನ್ನೂ ಒಟ್ಟಿಗೆ ಬಿಚ್ಚದೆ ಒಂದನ್ನು ಬದಲಿಸಿದ ಮೇಲೆ ಇನ್ನೊಂದಕ್ಕೆ ಕೈಹಾಕುವುದು ಒಳ್ಳೆಯದು. ಇದರಿಂದ ಉರುಳೆಯ ಮೇಲಿನ ಬಿಗಿತ ಒಂದೇ ಕಡೆಗೆ ವಾಲುವುದಿಲ್ಲ. ಹಳೆಯ ಅಲಗಿನ ಎತ್ತರವೂ ಅಳತೆಗೆ ಒದಗುತ್ತದೆ. ಅಲಗು ಹೊರಬಂದ ಮೇಲೆ ಗಾಡಿಯನ್ನು ಶುಚಿಮಾಡಬೇಕು. ಮರದ ಅಂಟು ಕಟ್ಟಿದ್ದರೆ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಬಳಿಕ ಒಣಬಟ್ಟೆಯಿಂದ ಎಣ್ಣೆಯ ಪಸೆಯನ್ನೂ ತೆಗೆಯಬೇಕು. ಅಲಗಿನ ಕೆಳಗೆ ಹೊಟ್ಟಿನ ಒಂದು ಕಣ ಉಳಿದರೂ ಅದು ಅಲಗಿನ ಒಂದು ತುದಿಯನ್ನು ಎತ್ತಿಬಿಡುತ್ತದೆ. ಒತ್ತುಪಟ್ಟಿಯ ಮೇಲೆ ಎಣ್ಣೆ ಉಳಿದರೆ ಅದರ ಹಿಡಿತ ಸಡಿಲವಾಗುತ್ತದೆ. ಗಾಡಿಯ ಶುಚಿತ್ವವು ಅಂದಕ್ಕಾಗಿ ಅಲ್ಲ, ಅಳತೆಗಾಗಿ ಮತ್ತು ಜೀವರಕ್ಷಣೆಗಾಗಿ.

ಮೊಂಡಾದ ಅಲಗನ್ನು ಸಾಣೆ ಹಿಡಿದು ಮತ್ತೆ ಬಳಸಬಹುದು. ಆದರೆ ಒಂದು ಜೊತೆಯ ಅಲಗುಗಳನ್ನೆಲ್ಲ ಒಟ್ಟಿಗೆ, ಒಂದೇ ಓರೆಯಲ್ಲಿ, ಒಂದೇ ಪ್ರಮಾಣದಲ್ಲಿ ಸಾಣೆ ಹಿಡಿಯಬೇಕು. ಸಾಣೆಯ ಚಕ್ರಕ್ಕೆ ಬಲವಾಗಿ ಒತ್ತಿದರೆ ಉಕ್ಕು ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಸಾಧಾರಣ ಉಕ್ಕಿನಲ್ಲಿ ಆ ಬಣ್ಣ ಬಂದಿತೆಂದರೆ ಅಲಗಿನ ಹದ ಹೋಯಿತೆಂದು ತಿಳಿಯಬೇಕು. ಅದು ಮತ್ತೆ ಹರಿತವನ್ನು ಹಿಡಿದು ನಿಲ್ಲದು. ಆದುದರಿಂದ ಹಗುರವಾಗಿ ತಾಗಿಸುತ್ತ, ಆಗಾಗ ನೀರಿನಲ್ಲಿ ಅದ್ದುತ್ತ ಸಾಣೆ ಹಿಡಿಯುತ್ತಾರೆ. ಟಂಗ್‌ಸ್ಟನ್ ಮುಂತಾದ ಲೋಹಗಳನ್ನು ಬೆರೆಸಿದ ವೇಗೋಕ್ಕು ಹೆಚ್ಚಿನ ಬಿಸಿಯನ್ನು ತಾಳಬಲ್ಲುದು. ಆದರೂ ಅದನ್ನು ನಿರ್ಲಕ್ಷ್ಯದಿಂದ ಸಾಣೆಗೆ ಒಡ್ಡುವುದು ತರವಲ್ಲ.

ಸಾಣೆಯಾದ ಮೇಲೆ ಅಲಗುಗಳ ತೂಕವನ್ನು ನೋಡಬೇಕು. ಅಕ್ಕಸಾಲಿಗನ ತಕ್ಕಡಿಯಂತಹ ಸೂಕ್ಷ್ಮ ತಕ್ಕಡಿಯ ಎರಡು ತಟ್ಟೆಗಳಲ್ಲಿ ಎರಡು ಅಲಗುಗಳನ್ನಿಟ್ಟರೆ ಮುಳ್ಳು ನಡುವೆ ನಿಲ್ಲಬೇಕು. ಕೆಲವು ಗ್ರಾಮುಗಳ ವ್ಯತ್ಯಾಸದಿಂದ ಏನಾದೀತು ಎಂದು ಕೇಳಬಹುದು. ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸಲ ಸುತ್ತುವ ಉರುಳೆಯಲ್ಲಿ ಸಣ್ಣ ತೂಕವೂ ದೊಡ್ಡ ಬಲವಾಗಿ ಹೊರಕ್ಕೆ ಸೆಳೆಯುತ್ತದೆ. ಕವಣೆಯನ್ನು ಬೀಸಿದವರಿಗೆ ಇದರ ಅನುಭವವುಂಟು. ಕಲ್ಲು ಅದೇ ಆದರೂ ವೇಗ ಹೆಚ್ಚಿದಂತೆ ಅದು ಕೈಯನ್ನು ಜಗ್ಗುತ್ತದೆ. ತೂಕ ಹೊಂದದ ಅಲಗುಗಳಿಂದ ಉರುಳೆ ಅದುರುತ್ತದೆ, ಬೇರಿಂಗುಗಳು ಸವೆಯುತ್ತವೆ, ಬೋಲ್ಟುಗಳು ಸಡಿಲಗೊಳ್ಳುತ್ತವೆ.

ಇನ್ನು ಅಲಗನ್ನು ಮರಳಿ ಕೂಡಿಸುವ ಕ್ರಮ. ಅಲಗಿನ ಓರೆಯ ಮುಖ ಯಾವ ಕಡೆಗಿದೆ ಎಂಬುದನ್ನು ನೋಡಿಕೊಂಡು ಗಾಡಿಯಲ್ಲಿಟ್ಟು, ಬೋಲ್ಟುಗಳನ್ನು ಅಲಗು ಜಾರದಷ್ಟು ಮಾತ್ರ ಬಿಗಿಯಬೇಕು. ಅಲಗಿನ ಬಾಯಿ ಉರುಳೆಯ ಮೈಯಿಂದ ಸುಮಾರು 1 ಮಿಲಿಮೀಟರ್ ಹೊರಗಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಚಾಚಿದರೆ ಅಪಾಯವೂ ಹೆಚ್ಚುತ್ತದೆ. ಆಮೇಲೆ ಅದರ ಬಾಯಿಯನ್ನು ಹಿಂದಿನ ಹಾಸಿನ ಮಟ್ಟಕ್ಕೆ ತರಬೇಕು. ಈ ಮಟ್ಟ ತಪ್ಪಿದರೆ ಏನಾಗುವುದೆಂಬುದನ್ನು ಹಲಗೆಯೇ ತೋರಿಸುತ್ತದೆ. ಅಲಗು ಹಾಸಿಗಿಂತ ತಗ್ಗಿದ್ದರೆ ಕೀಸಿದ ಹಲಗೆಯ ಮುಂದಲೆ ಹಿಂದಿನ ಹಾಸಿನ ಅಂಚಿಗೆ ತಾಗಿ ನಿಲ್ಲುತ್ತದೆ. ಅಲಗು ಹಾಸಿಗಿಂತ ಎತ್ತರವಾಗಿದ್ದರೆ ಹಲಗೆ ಸರಾಗವಾಗಿ ಸಾಗುತ್ತದೆ. ಆದರೆ ಅದರ ಕೊನೆಯ ಭಾಗವು ಮುಂದಿನ ಹಾಸಿನ ಆಸರೆಯನ್ನು ಬಿಟ್ಟೊಡನೆ ಕೆಳಗೆ ಕುಸಿದು, ತುದಿಯಲ್ಲಿ ಒಂದು ಗುಳಿ ಬೀಳುತ್ತದೆ.

ಈ ಮಟ್ಟವನ್ನು ಅಳೆಯಲು ಬೆಲೆಬಾಳುವ ಉಪಕರಣಗಳು ಇವೆ. ಆದರೆ ಬಡಿಗನೇ ಮಾಡಿಕೊಳ್ಳಬಹುದಾದ ನೇರವಾದ ಮರದ ಪಟ್ಟಿಯೊಂದರಿಂದಲೂ ಇದನ್ನು ಬಹು ನಿಖರವಾಗಿ ಅಳೆಯಬಹುದು. ಪಟ್ಟಿಯನ್ನು ಹಿಂದಿನ ಹಾಸಿನ ಮೇಲಿಟ್ಟು ಅದರ ತುದಿ ಉರುಳೆಯ ಮೇಲೆ ಚಾಚುವಂತೆ ಮಾಡಬೇಕು. ಹಾಸಿನ ಅಂಚು ಇರುವಲ್ಲಿ ಪಟ್ಟಿಯ ಮೇಲೆ ಸೀಸದ ಕಡ್ಡಿಯಿಂದ ಗುರುತು ಹಾಕಿ, ಉರುಳೆಯನ್ನು ಅದು ಕೀಸುವ ದಿಕ್ಕಿನಲ್ಲಿಯೇ ಕೈಯಿಂದ ಮೆಲ್ಲನೆ ತಿರುಗಿಸಬೇಕು. ಅಲಗು ಪಟ್ಟಿಗೆ ತಾಗಿದರೆ ಅದನ್ನು ತನ್ನೊಡನೆ ಸ್ವಲ್ಪ ದೂರ ಎಳೆದು ಬಿಡುತ್ತದೆ. ತಾಗದಿದ್ದರೆ ಪಟ್ಟಿ ಕದಲುವುದಿಲ್ಲ. ಪಟ್ಟಿ 3 ಮಿಲಿಮೀಟರಿನಷ್ಟು ಸರಿದರೆ ಅಲಗು ಬೇಕಾದ ಎತ್ತರದಲ್ಲಿದೆ ಎಂದು ತಿಳಿಯಬೇಕು.

ಈ ಉಪಾಯದ ಸೊಗಸನ್ನು ಲೆಕ್ಕದಿಂದ ಅರಿಯಬಹುದು. 100 ಮಿಲಿಮೀಟರ್ ಅಡ್ಡಳತೆಯ ವೃತ್ತದಲ್ಲಿ ಅಲಗು ಪಟ್ಟಿಯನ್ನು 3 ಮಿಲಿಮೀಟರ್ ಎಳೆಯಬೇಕಾದರೆ ಅದು ಹಾಸಿನ ಮಟ್ಟಕ್ಕಿಂತ ಎತ್ತರವಾಗಿರುವುದು ಸುಮಾರು 0.02 ಮಿಲಿಮೀಟರ್ ಮಾತ್ರ. ತಲೆಗೂದಲಿಗಿಂತಲೂ ತೆಳುವಾದ ಅಳತೆ ಅದು. ಕಣ್ಣಿಗೆ ಎಂದಿಗೂ ಕಾಣದ ಎತ್ತರವನ್ನು ಆ ಸಾಮಾನ್ಯ ಪಟ್ಟಿಯು ನೂರು ಪಟ್ಟಿಗೂ ಮಿಗಿಲಾಗಿ ಹಿಗ್ಗಿಸಿ ತೋರಿಸುತ್ತದೆ. ಒಂಬತ್ತನೆಯ ತರಗತಿಯ ರೇಖಾಗಣಿತದಲ್ಲಿ ಬರುವ ವೃತ್ತ ಮತ್ತು ಜ್ಯಾಗಳ ಸಂಬಂಧವೇ ಇಲ್ಲಿ ಬಡಿಗನ ಕೈಯಲ್ಲಿ ಕೆಲಸಮಾಡುತ್ತಿದೆ. ಅಲಗಿನ ಎಡತುದಿ, ಬಲತುದಿ ಎರಡರಲ್ಲಿಯೂ ಹೀಗೆ ಪರೀಕ್ಷಿಸಬೇಕು. ಎಡಗಡೆ 3 ಮಿಲಿಮೀಟರ್, ಬಲಗಡೆ 6 ಮಿಲಿಮೀಟರ್ ಸರಿದರೆ ಅಲಗು ಓರೆಯಾಗಿದೆ ಎಂದರ್ಥ. ಮರದ ತುಂಡಿನಿಂದ ಹಗುರವಾಗಿ ತಟ್ಟಿ ಅದನ್ನು ಸರಿಪಡಿಸಬೇಕು. ಒಂದು ಅಲಗು ಹೊಂದಿದ ಮೇಲೆ ಉಳಿದ ಅಲಗುಗಳಿಗೂ ಇದೇ ಪರೀಕ್ಷೆ. ಎಲ್ಲ ಅಲಗುಗಳೂ ಎರಡೂ ತುದಿಗಳಲ್ಲಿ ಪಟ್ಟಿಯನ್ನು ಸಮನಾಗಿ ಎಳೆದಾಗ ಅವು ಒಂದೇ ವೃತ್ತಕ್ಕೆ ಬಂದವೆಂದು ನಂಬಬಹುದು.

ಬೋಲ್ಟುಗಳ ಬಿಗಿತವು ಈ ಕೆಲಸದಲ್ಲಿ ಅತ್ಯಂತ ಹೊಣೆಯ ಭಾಗ. ನಡುವಿನ ಬೋಲ್ಟಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಸರದಿಯಂತೆ ಬಿಗಿಯುತ್ತ ಹೋಗಬೇಕು. ಒಮ್ಮೆ ಎಲ್ಲವನ್ನೂ ಬಿಗಿದ ಮೇಲೆ ಎರಡನೆಯ ಸಲ ಮತ್ತೆ ಮೊದಲಿನಿಂದ ನೋಡಬೇಕು. ಕೊನೆಯ ಬೋಲ್ಟನ್ನು ಬಿಗಿದಾಗ ಮೊದಲನೆಯದು ಸಡಿಲವಾಗಿರುವುದು ಉಂಟು. ಬಿಗಿಯುವಾಗ ಅಲಗು ತುಸು ಮೇಲೆ ಕೆಳಗೆ ಸರಿಯಬಹುದಾದುದರಿಂದ ಮರದ ಪಟ್ಟಿಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಕೆಲವರು ಹೆಚ್ಚು ಬಿಗಿಯಾಗಲೆಂದು ಪಾನಾದ ಹಿಡಿಗೆ ಕೊಳವೆಯನ್ನು ತೊಡಿಸಿ ಜಗ್ಗುತ್ತಾರೆ. ಇದು ತಪ್ಪು. ಮಿತಿಮೀರಿ ಜಗ್ಗಿದರೆ ಬೋಲ್ಟಿನ ಮರೆಸುತ್ತು ಹರಿದು, ಬಿಗಿದಂತೆ ತೋರಿದರೂ ಹಿಡಿತವಿಲ್ಲದಂತಾಗುತ್ತದೆ. ಸಡಿಲವಾದ ಅಲಗು ಉರುಳೆಯಿಂದ ಕಿತ್ತು ಹಾರಿದರೆ ಅದನ್ನು ತಡೆಯುವ ಶಕ್ತಿ ಮನುಷ್ಯನ ದೇಹಕ್ಕಿಲ್ಲ.

ಎಲ್ಲವೂ ಮುಗಿದ ಮೇಲೆ ಪಾನಾಗಳನ್ನು ಎಣಿಸಿ ಪೆಟ್ಟಿಗೆಗೆ ಸೇರಿಸಬೇಕು. ಬೆಣೆಯನ್ನು ತೆಗೆದು, ಉರುಳೆಯನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಯಾವುದೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲಗಿನ ಮೇಲಿನ ಮರೆಯನ್ನು ಅದರ ಸ್ಥಾನದಲ್ಲಿ ಕೂಡಿಸಿದ ಬಳಿಕವೇ ಫ್ಯೂಸನ್ನು ಹಾಕಬೇಕು. ಯಂತ್ರದ ಎದುರಿಗೆ ನಿಲ್ಲದೆ ಒಂದು ಬದಿಗೆ ನಿಂತು ಕೆಲವು ಕ್ಷಣ ಓಡಿಸಿ, ನಿಲ್ಲಿಸಿ, ವಿದ್ಯುತ್ತನ್ನು ಕಡಿದು ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು. ಬಳಿಕ ಬೇಡವಾದ ಹಲಗೆಯೊಂದನ್ನು ಕೀಸಿ ಅದರ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಪರೀಕ್ಷಿಸಬೇಕು. ಅಲೆಯಿಲ್ಲದೆ, ಗೆರೆಯಿಲ್ಲದೆ, ತುದಿಯಲ್ಲಿ ಗುಳಿಯಿಲ್ಲದೆ ಹಲಗೆ ಹೊರಬಂದರೆ ಕೆಲಸ ಸಫಲವಾಯಿತು.

ಇತ್ತೀಚಿನ ದಶಕಗಳಲ್ಲಿ ಕೈಯಲ್ಲಿ ಹಿಡಿದು ನಡೆಸುವ ವಿದ್ಯುತ್ ರಂದಾ ಎಲ್ಲೆಡೆ ಬಳಕೆಗೆ ಬಂದಿದೆ. ಜಪಾನಿನಲ್ಲಿ 1958ರಲ್ಲಿಯೇ ಇಂತಹ ರಂದಾ ಮಾರಾಟಕ್ಕೆ ಬಂದಿತ್ತು. ಸಾಮಾನ್ಯವಾಗಿ ಅದರ ಅಲಗಿನ ಉದ್ದ 82 ಮಿಲಿಮೀಟರ್. ಎರಡು ಅಲಗುಗಳ ಪುಟ್ಟ ಉರುಳೆಯು ನಿಮಿಷಕ್ಕೆ 16,000 ಸುತ್ತುಗಳ ಆಸುಪಾಸಿನಲ್ಲಿ ತಿರುಗುತ್ತದೆ. ಅದರಲ್ಲಿ ಬಳಸುವ ಕಾರ್ಬೈಡ್ ಅಲಗಿಗೆ ಎರಡು ಬಾಯಿಗಳಿರುವುದುಂಟು. ಒಂದು ಬಾಯಿ ಮೊಂಡಾದರೆ ಅಲಗನ್ನು ತಿರುಗಿಸಿ ಹಾಕಬಹುದು. ಎರಡೂ ಸವೆದರೆ ಹೊಸ ಅಲಗನ್ನು ಹಾಕುತ್ತಾರೆ. ರೂಪ ಬದಲಾದರೂ ನಿಯಮ ಬದಲಾಗಿಲ್ಲ. ಇಲ್ಲಿಯೂ ಮೊದಲು ತಂತಿಯನ್ನು ಗೋಡೆಯ ಸಾಕೆಟ್ಟಿನಿಂದ ಕೀಳಬೇಕು. ಇಲ್ಲಿಯೂ ಎರಡು ಅಲಗುಗಳು ಹಿಂದಿನ ತಳಪಟ್ಟಿಯ ಮಟ್ಟಕ್ಕೆ ಸಮನಾಗಿರಬೇಕು. ಕೆಲಸ ಮುಗಿದು ಗುಂಡಿಯನ್ನು ಬಿಟ್ಟ ಮೇಲೂ ಉರುಳೆ ಕೆಲವು ಕ್ಷಣ ತಿರುಗುತ್ತಿರುವುದರಿಂದ ಅದನ್ನು ಕೂಡಲೇ ನೆಲಕ್ಕಿಡಬಾರದು.

ರಂದಾ ಯಂತ್ರದ ಇತಿಹಾಸದಲ್ಲಿ ಗಾಯಗಳ ಕಥೆಯೂ ಸೇರಿದೆ. ಮೊದಮೊದಲಿನ ಉರುಳೆಗಳು ನಿಜವಾಗಿ ಉರುಳೆಗಳಾಗಿರಲಿಲ್ಲ. ಅವು ಚೌಕಾಕಾರದ ಉಕ್ಕಿನ ದಿಂಡುಗಳು. ದಿಂಡಿಗೂ ಹಾಸಿಗೂ ನಡುವೆ ಅಗಲವಾದ ತೆರವು ಇರುತ್ತಿದ್ದುದರಿಂದ, ಜಾರಿದ ಕೈ ಅದರೊಳಗೆ ಆಳವಾಗಿ ಸಿಕ್ಕಿಕೊಳ್ಳುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದುಂಡಾದ ಉರುಳೆಗಳು ಬಂದು ಆ ತೆರವನ್ನು ಮುಚ್ಚಿದವು. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಮರೆ ಇರಬೇಕೆಂದು ವಿಧಿಸಿತು. ಆದರೂ ಮರೆಯನ್ನು ತೆಗೆದಿಟ್ಟು ಕೆಲಸಮಾಡುವ ಅವಸರದ ಕೈಗಳು ಇಂದಿಗೂ ಇವೆ. ಗೇಣುದ್ದದ ತುಂಡನ್ನು ಬರಿಗೈಯಿಂದ ತಳ್ಳುವುದು, ಓಡುವ ಯಂತ್ರದ ಬಳಿ ಸಡಿಲವಾದ ತೋಳಿನ ಅಂಗಿಯನ್ನೋ ಕೈಚೀಲವನ್ನೋ ತೊಡುವುದು, ಮಾತನಾಡುತ್ತ ಹಲಗೆಯಿಂದ ಕಣ್ಣನ್ನು ತೆಗೆಯುವುದು ಇವೆಲ್ಲವೂ ಒಂದು ಕ್ಷಣದ ತಪ್ಪುಗಳು. ಅವುಗಳ ಫಲವನ್ನು ಮಾತ್ರ ಜೀವಮಾನವಿಡೀ ಉಣ್ಣಬೇಕು. ಬೆರಳು ಕಳೆದುಕೊಂಡ ಬಡಿಗನಿಗೆ ಕಸುಬು ಅರ್ಧವಾಗುತ್ತದೆ, ಮನೆಯ ಅನ್ನವೂ ಅರ್ಧವಾಗುತ್ತದೆ. ತಂದೆಯ ಅಥವಾ ಬಂಧುವಿನ ಅಂಗಡಿಯಲ್ಲಿ ನೆರವಾಗುವ ವಿದ್ಯಾರ್ಥಿಗಳು ಹಲಗೆಗಳನ್ನು ಜೋಡಿಸಬಹುದು, ಅಳೆಯಬಹುದು, ಕೈರಂದಾವನ್ನು ಕಲಿಯಬಹುದು. ಆದರೆ ಹದಿನೆಂಟು ವರ್ಷ ತುಂಬಿ, ಬಲ್ಲವರಿಂದ ಕ್ರಮವಾಗಿ ಕಲಿಯುವವರೆಗೆ ಈ ಯಂತ್ರದ ಮೇಲೆ ಕೈಯಿಡಬಾರದು.

ಕೈರಂದಾದ ಕಾಲದಲ್ಲಿ ಒಂದು ಬಾಗಿಲಿನ ಹಲಗೆಗಳನ್ನು ಕೀಸುವುದರೊಳಗೆ ಬಡಿಗನ ಭುಜ ಸೋಲುತ್ತಿತ್ತು. ಯಂತ್ರವು ಆ ಶ್ರಮವನ್ನು ಕೆಲವೇ ನಿಮಿಷಗಳಿಗೆ ಇಳಿಸಿದೆ. ಆದರೆ ಶ್ರಮ ಕಡಿಮೆಯಾದ ಮಾತ್ರಕ್ಕೆ ಎಚ್ಚರವೂ ಕಡಿಮೆಯಾಗಬಹುದೆಂದು ತಿಳಿಯುವುದು ತಪ್ಪು. ಕೈರಂದಾದಲ್ಲಿ ಅಲಗು ಓರೆಯಾದರೆ ಕೈಗೆ ಕೂಡಲೇ ತಿಳಿಯುತ್ತಿತ್ತು. ಯಂತ್ರದಲ್ಲಿ ಅದನ್ನು ಹುಡುಕಿ ತಿಳಿಯಬೇಕು. ಬಾಗಿಲು ಕೊಂಡವರಿಗೆ ಅಲಗನ್ನು ಹೊಂದಿಸಲು ಬಡಿಗನು ಕಳೆದ ಒಂದು ಗಂಟೆ ಕಾಣುವುದಿಲ್ಲ. ಹಲಗೆಯ ಮೇಲೆ ಅಂಗೈಯನ್ನು ಆಡಿಸಿದಾಗ ಎಲ್ಲಿಯೂ ತಡೆಯಾಗದಿರುವುದು ಮಾತ್ರ ಅವರ ಅನುಭವಕ್ಕೆ ಬರುತ್ತದೆ. ಬಾಚಿಯನ್ನು ಕಾಯಕವೆಂದು ಹಿಡಿದವನಿದ್ದ ನಾಡಿನಲ್ಲಿ ಇಂದು ಅಲಗು ತಿರುಗುವ ರೀತಿ ಬೇರೆಯಾಗಿದೆ. ಆದರೆ ಮರದ ಪಟ್ಟಿಯನ್ನು ಹಾಸಿನ ಮೇಲಿಟ್ಟು, ಉಸಿರು ಬಿಗಿಹಿಡಿದು, ಉರುಳೆಯನ್ನು ಮೆಲ್ಲನೆ ತಿರುಗಿಸಿ ನೋಡುವ ಬಡಿಗನ ಕೈಯಲ್ಲಿ ಆ ಹಳೆಯ ನಿಷ್ಠೆ ಇನ್ನೂ ಉಳಿದಿದೆ.